ಕಂಬಿ ಕಿತ್ತ ಹಾದಿ

ರೈಲು ಮೊದಲ ಬಾರಿಗೆ ಒಂದು ಊರಿಗೆ ಬಂದ ದಿನ ತಳಿರು ತೋರಣಗಳೇನು, ವಾದ್ಯಘೋಷವೇನು, ಭಾಷಣಗಳೇನು! ಊರಿನ ಭಾಗ್ಯದ ಬಾಗಿಲೇ ತೆರೆಯಿತೆಂದು ಜನ ಹಿಗ್ಗುತ್ತಾರೆ. ಅದೇ ರೈಲು ಊರನ್ನು ಬಿಟ್ಟು ಹೋಗುವ ದಿನ ಭಾಷಣ ಮಾಡುವವರು ಯಾರೂ ಇರುವುದಿಲ್ಲ. ನಿಲ್ದಾಣದ ಬಾಗಿಲಿಗೆ ಬೀಗ ಬೀಳುತ್ತದೆ. ಕಂಬಿಗಳ ನಡುವೆ ಹುಲ್ಲು ಏಳುತ್ತದೆ. ಕೆಲವು ತಿಂಗಳಲ್ಲಿ ಕಂಬಿಗಳೂ ಹೋಗುತ್ತವೆ. ಉಳಿಯುವುದು ಉದ್ದಕ್ಕೆ ಚಾಚಿದ ಒಂದು ಜಲ್ಲಿಯ ಏರಿ ಮತ್ತು ಅದರ ಪಕ್ಕದಲ್ಲಿ ಬದುಕನ್ನು ಕಟ್ಟಿಕೊಂಡಿದ್ದ ಕೆಲವು ಊರುಗಳು.

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಒಟಾಗೋ ಎಂಬ ಸೀಮೆಯಿದೆ. ಅದರ ಒಳನಾಡು ಬೋಳುಬೆಟ್ಟಗಳ ನಾಡು. ಬೇಸಗೆಯಲ್ಲಿ ಸುಡುವ ಬಿಸಿಲು, ಚಳಿಗಾಲದಲ್ಲಿ ಕೊರೆಯುವ ಹಿಮ. ಇಲ್ಲಿಯ ರಾನ್‌ಫರ್ಲಿ ಎಂಬ ಊರಿನ ಬಳಿ 1903ರ ಜುಲೈ ತಿಂಗಳಲ್ಲಿ ಶೂನ್ಯಕ್ಕಿಂತ 25.6 ಡಿಗ್ರಿ ಕೆಳಗಿಳಿದ ಶೀತವೇ ಆ ದೇಶದಲ್ಲಿ ದಾಖಲಾಗಿರುವ ಅತ್ಯಂತ ಕಠಿಣವಾದ ಚಳಿ. ಇಂಥ ನಾಡಿಗೆ ಜನರನ್ನು ಎಳೆದು ತಂದುದು ಬಂಗಾರ. 1862ರಲ್ಲಿ ಇಬ್ಬರು ಅನ್ವೇಷಕರು ಇಲ್ಲಿಯ ಕ್ಲೂಥಾ ನದಿಯ ಕಣಿವೆಯಿಂದ 87 ಪೌಂಡು ಚಿನ್ನವನ್ನು ಹೊತ್ತು ತಂದು ಡನೀಡನ್ ನಗರದಲ್ಲಿ ತೂಗಿಸಿದಾಗ ಊರಿಗೆ ಊರೇ ಗುದ್ದಲಿ ಹಿಡಿದು ಹೊರಟಿತು. ಬಂಗಾರ ಬೇಗ ಕರಗಿತು. ಉಳಿದುದು ಕುರಿ, ಉಣ್ಣೆ, ಹಣ್ಣಿನ ತೋಟ. ಇವನ್ನು ಕಡಲ ತೀರಕ್ಕೆ ಸಾಗಿಸಲು ರೈಲು ಬೇಕಾಯಿತು.

1879ರಲ್ಲಿ ಡನೀಡನ್ನಿನ ಬಳಿಯ ವಿಂಗಟೂಯಿಯಲ್ಲಿ ಮೊದಲ ಗುದ್ದಲಿ ಬಿತ್ತು. ಬೆಟ್ಟವನ್ನು ಕಡಿದು, ಕೊರಕಲಿಗೆ ಸೇತುವೆ ಹಾಕಿ, ಬಂಡೆಯನ್ನು ಕೊರೆದು ಕೆಲಸ ಸಾಗಿದುದು ಬಸವನ ಹುಳುವಿನ ನಡಿಗೆಯಲ್ಲಿ. ರೈಲು ಮಿಡಲ್‌ಮಾರ್ಚ್ ಎಂಬ ಊರನ್ನು ಮುಟ್ಟಿದುದು 1891ರಲ್ಲಿ, ರಾನ್‌ಫರ್ಲಿಯನ್ನು 1898ರಲ್ಲಿ, ಕ್ಲೈಡನ್ನು 1907ರಲ್ಲಿ. ಗುದ್ದಲಿ ಪೂಜೆಯ ದಿನ ತೊಟ್ಟಿಲಲ್ಲಿದ್ದ ಮಗು ಕ್ಲೈಡಿಗೆ ರೈಲು ಬರುವ ಹೊತ್ತಿಗೆ ತಾನೇ ಮಕ್ಕಳೊಂದಿಗನಾಗಿದ್ದಿರಬೇಕು. ಕೊನೆಯ ನಿಲ್ದಾಣವಾದ ಕ್ರಾಮ್‌ವೆಲ್ ತಲುಪಲು 1921 ಬರಬೇಕಾಯಿತು.

ಅಷ್ಟು ಹೊತ್ತಿಗೆ ಮೋಟಾರು ಹುಟ್ಟಿದ್ದಿತು. ಲಾರಿಗಳು ಉಣ್ಣೆಯನ್ನು ಕಸಿದುಕೊಂಡವು, ಕಾರುಗಳು ಜನರನ್ನು ಕಸಿದುಕೊಂಡವು. 1976ರಲ್ಲಿ ಪ್ರಯಾಣಿಕರ ರೈಲು ನಿಂತಿತು. ಕ್ಲೈಡಿನಲ್ಲಿ ಕಟ್ಟುತ್ತಿದ್ದ ದೊಡ್ಡ ಅಣೆಕಟ್ಟಿಗಾಗಿ ಅದರಾಚೆಯ ಕ್ರಾಮ್‌ವೆಲ್ ತುದಿಯನ್ನು 1980ರಲ್ಲಿ ಮುಚ್ಚಿದರು. ಆ ಕಣಿವೆ ಮುಂದೆ ಜಲಾಶಯದಲ್ಲಿ ಮುಳುಗಿತು. ಅದೇ ಅಣೆಕಟ್ಟಿಗೆ ಸಾಮಗ್ರಿಯನ್ನು ಹೊತ್ತು ತರುವುದೇ ಈ ರೈಲಿನ ಕೊನೆಯ ದೊಡ್ಡ ಕೆಲಸವಾಯಿತು. ಕೆಲಸ ಮುಗಿಯಿತು, ರೈಲೂ ಮುಗಿಯಿತು. 1990ರ ಏಪ್ರಿಲ್ ಕೊನೆಗೆ ಮಿಡಲ್‌ಮಾರ್ಚಿನಿಂದ ಆಚೆಗೆ ಮಾರ್ಗವೇ ಇಲ್ಲವಾಯಿತು.

ಸತ್ತ ರೈಲುದಾರಿಯನ್ನು ಏನು ಮಾಡಬೇಕು? 1993ರಲ್ಲಿ ಸರಕಾರದ ಪ್ರಕೃತಿ ಸಂರಕ್ಷಣಾ ಇಲಾಖೆ ಆ ಏರಿಯನ್ನು ಕೊಂಡು, ಅದನ್ನು ನಡೆಯುವವರಿಗೂ ಕುದುರೆ ಸವಾರರಿಗೂ ಬೈಸಿಕಲ್ಲಿನವರಿಗೂ ಬಿಟ್ಟುಕೊಡುವುದೆಂದು ಹೇಳಿದಾಗ ಊರಿನವರು ಅನೇಕರು ಹುಬ್ಬೇರಿಸಿದರು. ನೆಲ ತಮ್ಮ ಹೊಲಕ್ಕೆ ಸೇರಬಹುದೆಂದು ಕಾದಿದ್ದ ರೈತರಿಗೆ ಸಿಟ್ಟೇ ಬಂದಿತು. ಬೇಲಿಯ ಗೇಟು ತೆರೆದಿಟ್ಟು ಹೋದರೆ ಕುರಿಗಳ ಗತಿಯೇನು? ಅಷ್ಟಕ್ಕೂ ಈ ಬಿಸಿಲಿನಲ್ಲಿ, ಈ ಗಾಳಿಯಲ್ಲಿ, ಬೈಸಿಕಲ್ಲು ತುಳಿಯಲು ಬರುವ ಹುಚ್ಚರಾದರೂ ಯಾರು?

ಆದರೂ ಸ್ಥಳೀಯರೇ ಕೆಲವರು ಸೇರಿ ಒಂದು ಧರ್ಮಸಂಸ್ಥೆ ಕಟ್ಟಿ ಹಣ ಕೂಡಿಸಿದರು. ದಪ್ಪ ಜಲ್ಲಿಯ ಮೇಲೆ ಸಣ್ಣ ಜಲ್ಲಿ ಹಾಸಿ ಬಿಗಿಮಾಡಿದರು. ಅರವತ್ತಕ್ಕೂ ಹೆಚ್ಚು ಸೇತುವೆಗಳ ಮೇಲೆ ಹಲಗೆ ಬಡಿದು, ಇಕ್ಕೆಲಗಳಲ್ಲಿ ಹಿಡಿಗಂಬಿ ನಿಲ್ಲಿಸಿದರು. ಗ್ಯಾಂಗ್‌ಮನ್ನರ ಹಳೆಯ ಗುಡಿಸಲುಗಳ ಮಾದರಿಯಲ್ಲಿ ಅಲ್ಲಲ್ಲಿ ತಂಗುಗೂಡುಗಳನ್ನು ಕಟ್ಟಿದರು. 2000ದ ಫೆಬ್ರವರಿಯಲ್ಲಿ ಕ್ಲೈಡಿನಿಂದ ಮಿಡಲ್‌ಮಾರ್ಚಿನವರೆಗೆ 152 ಕಿಲೋಮೀಟರಿನ ಹಾದಿ ಪೂರ್ತಿಯಾಗಿ ತೆರೆಯಿತು. ಹುಚ್ಚರು ಬಂದರು. ಒಬ್ಬಿಬ್ಬರಲ್ಲ, ತಂಡ ತಂಡವಾಗಿ ಬಂದರು, ಇಂದಿಗೂ ಬರುತ್ತಿದ್ದಾರೆ.

ಅಂಥದೊಂದು ತಂಡವನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬಹುದು. ಡನೀಡನ್ನಿನ ಒಂದು ಕುಟುಂಬ. ಎಪ್ಪತ್ತರ ಅಜ್ಜಿ, ಆಕೆಯ ಮಗ ಮತ್ತು ಮಗಳು, ಸೊಸೆ, ಅಳಿಯ, ಮೂವರು ಮೊಮ್ಮಕ್ಕಳು. ಒಟ್ಟು ಎಂಟು ಜನ. ಹಿರಿಯ ಮೊಮ್ಮಗನಿಗೆ ಹದಿನಾರು. ಕಿರಿಯ ಮೊಮ್ಮಗಳಿಗೆ ಹತ್ತು. ತಿಂಗಳು ಮಾರ್ಚ್. ಅಲ್ಲಿ ಅದು ಬೇಸಗೆ ಮುಗಿದು ಎಲೆ ಹಣ್ಣಾಗಲು ತೊಡಗುವ ಕಾಲ. ನಾಲ್ಕು ದಿನದ ಪ್ರಯಾಣ. ಬಟ್ಟೆಯ ಗಂಟುಗಳನ್ನು ಊರಿಂದೂರಿಗೆ ಒಂದು ವ್ಯಾನು ಒಯ್ಯುತ್ತದೆ. ಸವಾರರ ಬಳಿ ನೀರು, ಬುತ್ತಿ, ಕೈದೀಪ, ತೇಪೆ ಹಾಕುವ ಸಾಮಾನು, ಗಾಳಿ ಹೊಡೆಯುವ ಪಂಪು ಇದ್ದರೆ ಸಾಕು.

ಹೊರಡುವ ಮುನ್ನವೇ ಒಂದು ಚರ್ಚೆ. ಮಗ ಹೇಳಿದ: “ಅಮ್ಮ, ನಿನಗೆ ವಿದ್ಯುತ್ತಿನಿಂದ ಓಡುವ ಬೈಸಿಕಲ್ಲು ಬಾಡಿಗೆಗೆ ಸಿಗುತ್ತದೆ. ಮೊಣಕಾಲಿಗೆ ಶ್ರಮವಾಗದು.”

“ಕಾಲು ನಡೆಸುವಷ್ಟು ದೂರ ಕಾಲೇ ನಡೆಸಲಿ. ಆಗದಿದ್ದರೆ ನಾನೇ ಹೇಳುತ್ತೇನೆ” ಎಂದಳು ಅಜ್ಜಿ.

ಆಕೆ ಹಟ ಹಿಡಿಯಲು ಕಾರಣವಿದ್ದಿತು. ಬಾಲ್ಯದಲ್ಲಿ ಬೇಸಗೆಯ ರಜೆ ಬಂದರೆ ಇದೇ ಮಾರ್ಗದ ರೈಲಿನಲ್ಲಿ ಕುಳಿತು ಆಕೆ ಚಿಕ್ಕಮ್ಮನ ಮನೆಗೆ ಬರುತ್ತಿದ್ದಳು. ಚಿಕ್ಕಮ್ಮ ಇಂದಿಲ್ಲ, ರೈಲೂ ಇಲ್ಲ. ಕಿಟಕಿಯಿಂದ ಕಂಡ ಬೆಟ್ಟಗಳು ಮಾತ್ರ ಇವೆ. ಅವನ್ನು ಮೊಮ್ಮಕ್ಕಳಿಗೆ ತಾನೇ ತೋರಿಸಬೇಕೆಂಬುದು ಆಕೆಯ ಆಸೆ.

ಮೊದಲ ದಿನ ಕ್ಲೈಡಿನಿಂದ ಅಲೆಕ್ಸಾಂಡ್ರಾದವರೆಗಿನ 8 ಕಿಲೋಮೀಟರು ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಳೆಯಿತು. ಮುಂದೆ ದಾರಿ ಮೆಲ್ಲನೆ ಏರತೊಡಗಿತು. ಏರಿದ್ದು ಕಣ್ಣಿಗೆ ತಿಳಿಯದು. ಕಾಲಿಗೆ ಮಾತ್ರ ಕೊಂಚ ತಿಳಿಯುತ್ತದೆ. ಇದರ ಗುಟ್ಟು ರೈಲಿನಲ್ಲಿದೆ. ಉಕ್ಕಿನ ಗಾಲಿ ಉಕ್ಕಿನ ಕಂಬಿಯ ಮೇಲೆ ಬಲು ಬೇಗ ಜಾರುತ್ತದೆ. ಕಡಿದಾದ ಏರನ್ನು ಹತ್ತಲಾರದು. ಆದುದರಿಂದ ಈ ಮಾರ್ಗವನ್ನು ಎಳೆದ ಎಂಜಿನಿಯರುಗಳು ಐವತ್ತು ಮೀಟರು ಮುಂದೆ ಹೋದರೆ ಒಂದು ಮೀಟರಿಗಿಂತ ಹೆಚ್ಚು ಏರದಂತೆ ಬೆಟ್ಟವನ್ನು ಬಳಸಿ ಬಳಸಿ ದಾರಿ ಮಾಡಿದರು. ಉಗಿಯಂತ್ರಕ್ಕೆ ಅವರು ತೋರಿದ ಕರುಣೆ ನೂರು ವರ್ಷದ ಮೇಲೆ ಮುದುಕರ ಮೊಣಕಾಲಿಗೆ ಒದಗಿ ಬಂದಿತು!

ಹಿರಿಯ ಮೊಮ್ಮಗನಿಗೆ ಈ ನಿಧಾನ ಒಗ್ಗಲಿಲ್ಲ. ಬಿಲ್ಲಿನಿಂದ ಬಿಟ್ಟ ಬಾಣದಂತೆ ಮುಂದೆ ಹೋಗುವನು. ಯಾವುದಾದರೂ ಗೂಡಿನ ನೆರಳಿನಲ್ಲಿ ಕಾಲು ಚಾಚಿ ಕುಳಿತಿರುವನು. ಉಳಿದವರು ಏದುಸಿರು ಬಿಡುತ್ತ ಬಂದು ಇಳಿಯುವಷ್ಟರಲ್ಲಿ ತನ್ನ ವಿಶ್ರಾಂತಿ ಮುಗಿಯಿತೆಂದು ಎದ್ದುಬಿಡುವನು. ಹೀಗಾಗಿ ಮುಂದೆ ಹೋದವನಿಗೆ ವಿಶ್ರಾಂತಿ, ಹಿಂದೆ ಬಂದವರಿಗೆ ಅದೂ ಇಲ್ಲ. ತಂಡದ ಪ್ರಯಾಣದಲ್ಲಿ ಎಲ್ಲೆಲ್ಲೂ ಕಾಣುವ ಅನ್ಯಾಯವಿದು. ಅಜ್ಜಿ ಏನೂ ಅನ್ನಲಿಲ್ಲ.

ಎರಡನೆಯ ದಿನ ಲಾಡರ್ ಎಂಬ ಪುಟ್ಟ ಊರನ್ನು ಬಿಟ್ಟ ಮೇಲೆ ಪೂಲ್‌ಬರ್ನ್ ಕಣಿವೆ. ಹಾದಿಯಲ್ಲೆಲ್ಲ ಅತಿ ಭವ್ಯವಾದ ಭಾಗವಿದು. ಇನ್ನೂರು ಮೀಟರಿಗೂ ಉದ್ದವಾದ ಎರಡು ಸುರಂಗಗಳು ಬಾಗಿಕೊಂಡು ಬೆಟ್ಟದೊಳಗೆ ನುಗ್ಗುತ್ತವೆ. ಅವುಗಳಲ್ಲಿ ದೀಪವಿಲ್ಲ. ಇಳಿದು, ಬೈಸಿಕಲ್ಲು ತಳ್ಳುತ್ತ, ಕೈದೀಪದ ಬೆಳಕಿನಲ್ಲಿ ನಡೆಯಬೇಕು. ಗೋಡೆಯ ಮೇಲೆ ಗುದ್ದಲಿ, ಉಳಿಗಳ ಗುರುತು ಇಂದೂ ಇದೆ. ಕಿರಿಯ ಮೊಮ್ಮಗಳು ಅಜ್ಜಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

“ನೀನು ರೈಲಿನಲ್ಲಿ ಬರುವಾಗ ಇಲ್ಲಿ ಹೆದರುತ್ತಿದ್ದೆಯಾ, ಅಜ್ಜಿ?”

“ಹೆದರಿಕೆಯೇ? ಕಣ್ಣು ಮುಚ್ಚಿಕೊಂಡು ಎಣಿಸುತ್ತಿದ್ದೆ. ಎಣಿಕೆ ತಪ್ಪುವಷ್ಟರಲ್ಲಿ ಬೆಳಕು ಬರುತ್ತಿತ್ತು.”

ಇಬ್ಬರೂ ಗಟ್ಟಿಯಾಗಿ ಎಣಿಸುತ್ತ ನಡೆದರು. ಕಾಲ್ನಡಿಗೆಯಲ್ಲಿ ಬೆಳಕು ಬೇಗ ಬರಲಿಲ್ಲ. ಎಣಿಕೆ ಮುನ್ನೂರನ್ನು ದಾಟಿತು.

ಸುರಂಗಗಳ ಸಮೀಪದಲ್ಲೇ ಕಣಿವೆಯ ಮೇಲೆ 37 ಮೀಟರು ಎತ್ತರದ ಸೇತುವೆ. ಆ ನೆಲದ ಪದರಗಲ್ಲನ್ನೇ ಕೆತ್ತಿ ಜೋಡಿಸಿದ ಅದರ ಕಂಬಗಳು ಇಂದಿಗೂ ಕೂದಲೆಳೆಯಷ್ಟು ಅಲುಗಿದಂತೆ ಕಾಣುವುದಿಲ್ಲ. ಹಲಗೆಗಳ ಸಂದಿನಲ್ಲಿ ಕೆಳಗೆ ಹಳ್ಳ ಮಿನುಗುತ್ತದೆ. ಅದನ್ನು ನೋಡಬಾರದೆಂದು ಎಲ್ಲರೂ ಒಬ್ಬರಿಗೊಬ್ಬರು ಬುದ್ಧಿ ಹೇಳುತ್ತಾರೆ, ಎಲ್ಲರೂ ನೋಡುತ್ತಾರೆ.

ಮಧ್ಯಾಹ್ನ ಓಟುರೇಹುವಾ ಬಂದಿತು. ಅಲ್ಲಿಯ ಹೇಯ್ಸ್ ಕಾರ್ಖಾನೆಯನ್ನು ನೋಡದೆ ಮುಂದೆ ಹೋಗುವವರು ಕಡಿಮೆ. ಎರ್ನೆಸ್ಟ್ ಹೇಯ್ಸ್ ಎಂಬಾತ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಣ್ಣಿಟ್ಟಿಗೆಯ ಮತ್ತು ತಗಡಿನ ಈ ಕಟ್ಟಡಗಳಲ್ಲಿ ರೈತರಿಗೆ ಬೇಕಾದ ಸಾಧನಗಳನ್ನು ಮಾಡತೊಡಗಿದ. ತಂತಿಬೇಲಿಯನ್ನು ಜಗ್ಗಿ ಬಿಗಿಯುವ ಆತನ ಉಪಕರಣ ಮುಂದೆ ಕಡಲಾಚೆಗೂ ಹೋಯಿತು. ಉದ್ದನೆಯ ಕಬ್ಬಿಣದ ಅಚ್ಚು, ಅದರಿಂದ ಇಳಿದ ಪಟ್ಟಿಗಳು, ಗಾಲಿಗಳು ಎಲ್ಲವನ್ನೂ ಇಂದು ಐತಿಹಾಸಿಕ ಸ್ಮಾರಕವೆಂದು ಕಾಪಾಡುತ್ತಿದ್ದಾರೆ. ಆದರೆ ಅಜ್ಜಿಯ ಗಮನವನ್ನು ಸೆಳೆದುದು ಯಂತ್ರಗಳಲ್ಲ; ಹೇಯ್ಸನ ಹೆಂಡತಿ ಹ್ಯಾನಾಳ ಕಥೆ. ಗಂಡ ಮಾಡಿದುದನ್ನು ಕೊಳ್ಳುವವರು ಬೇಕಲ್ಲ? ಮನೆತುಂಬ ಮಕ್ಕಳಿದ್ದ ಈ ಗೃಹಿಣಿ ಬೈಸಿಕಲ್ಲು ಏರಿ, ರಸ್ತೆಯೆಂದು ಹೇಳಲೂ ಬಾರದ ದಾರಿಗಳಲ್ಲಿ, ರೈತರ ಮನೆಯಿಂದ ಮನೆಗೆ ಹೋಗಿ ಬೇಡಿಕೆಗಳನ್ನು ಬರೆದುಕೊಂಡು ಬರುತ್ತಿದ್ದಳು. ಉದ್ದ ಲಂಗದ ಕಾಲವದು. ಗಟ್ಟಿ ಜಲ್ಲಿಯಿಲ್ಲ, ವ್ಯಾನಿಲ್ಲ, ಗೇರುಗಳಿಲ್ಲ.

“ಕೇಳಿದೆಯೇನೋ?” ಎಂದು ಅಜ್ಜಿ ಮಗನ ಕಡೆ ತಿರುಗಿದಳು. “ಆಕೆಗೆ ವಿದ್ಯುತ್ತಿನ ಬೈಸಿಕಲ್ಲನ್ನು ಯಾರೂ ಕೊಡಿಸಲಿಲ್ಲ.”

ಮಗ ನಕ್ಕು ಸುಮ್ಮನಾದ. ಅಂದಿನಿಂದ ಆ ಮಾತು ಮತ್ತೆ ಏಳಲಿಲ್ಲ.

ಓಟುರೇಹುವಾದಿಂದ ಮುಂದೆ 618 ಮೀಟರಿನ ಎತ್ತರದಲ್ಲಿ ಹಾದಿಯ ನೆತ್ತಿ. ಅದನ್ನು ದಾಟಿ ಇಳಿದರೆ ವೆಡರ್‌ಬರ್ನ್. ಅಲ್ಲಿ ಬಯಲಿನ ಅಂಚಿನಲ್ಲಿ ಒಂಟಿಯಾಗಿ ನಿಂತ ಹಸುರು ಬಣ್ಣದ ಗೂಡ್ಸ್ ಷೆಡ್ಡು. ಗ್ರೇಯಮ್ ಸಿಡ್ನಿ ಎಂಬ ಚಿತ್ರಕಾರ 1975ರಲ್ಲಿ ಅದನ್ನು ಚಿತ್ರಿಸಿ ದೇಶಕ್ಕೆಲ್ಲ ಪರಿಚಯ ಮಾಡಿಕೊಟ್ಟ. ರೈಲು ನಿಂತ ಮೇಲೆ ಆ ಷೆಡ್ಡನ್ನು ಯಾರೋ ಕೊಂಡು ಬೇರೆಡೆಗೆ ಸಾಗಿಸಿದರು. ಖಾಲಿ ಜಾಗ ಊರಿನವರ ಕಣ್ಣಿಗೆ ಚುಚ್ಚಿತು. ಹಾದಿ ಬಂದ ಮೇಲೆ ಅವರೇ ಅದನ್ನು ಹುಡುಕಿ, ಹೊತ್ತು ತಂದು, ಮೊದಲಿನ ಸ್ಥಳದಲ್ಲಿಯೇ ನಿಲ್ಲಿಸಿದರು. ಒಂದು ತಗಡಿನ ಷೆಡ್ಡಿಗಾಗಿ ಇಷ್ಟು ತಾಪತ್ರಯವೇ ಎಂದು ಹೊರಗಿನವರು ಕೇಳಬಹುದು. ತಮ್ಮ ಊರಿನ ಗುರುತು ಅಳಿದುಹೋಗುವುದನ್ನು ಒಮ್ಮೆ ಕಂಡವರು ಕೇಳಲಾರರು.

ಹಾದಿಯ ಉದ್ದಕ್ಕೂ ಇಂಥ ಮರುಹುಟ್ಟುಗಳೇ. ಗಿರಾಕಿಯಿಲ್ಲದೆ ಬಾಗಿಲು ಮುಚ್ಚಲಿದ್ದ ಹಳ್ಳಿಯ ಹೋಟೆಲು ಈಗ ಸಂಜೆಯಾದರೆ ಗಿಜಿಗುಡುತ್ತದೆ. ಮಕ್ಕಳು ಪಟ್ಟಣ ಸೇರಿದ ಮೇಲೆ ಖಾಲಿಬಿದ್ದ ರೈತನ ಮನೆಯ ಕೋಣೆಗಳಲ್ಲಿ ಪ್ರವಾಸಿಗಳ ಹಾಸಿಗೆ. ಹಿಂದೆ ವಿರೋಧಿಸಿದವರಲ್ಲಿಯೂ ಕೆಲವರು ಇಂದು ಅತಿಥಿಗಳಿಗೆ ಬೆಳಗಿನ ಉಪಾಹಾರ ಬಡಿಸುತ್ತಾರೆ. ಮೂರನೆಯ ದಿನ ಕಂಡ ರಾನ್‌ಫರ್ಲಿಯಲ್ಲಿ ಹಳೆಯ ರೈಲು ನಿಲ್ದಾಣವೇ ಪ್ರವಾಸಿಗಳ ಮಾಹಿತಿ ಕೇಂದ್ರವಾಗಿದೆ. 2009ರಲ್ಲಿ ಸರಕಾರ ದೇಶದಾದ್ಯಂತ ಬೈಸಿಕಲ್ಲು ಹಾದಿಗಳ ಜಾಲವನ್ನು ಹೆಣೆಯುವ ಯೋಜನೆ ಕೈಗೊಂಡಾಗ, ಎಲ್ಲರೂ ಕಣ್ಣೆದುರಿಗೆ ಇಟ್ಟುಕೊಂಡುದು ಒಟಾಗೋವಿನ ಈ ಉದಾಹರಣೆಯನ್ನೇ.

ನಾಲ್ಕನೆಯ ದಿನ ತಂಡ ವೈಪಿಯಾಟಾ ಎಂಬಲ್ಲಿಂದ ಹೊರಟು ಮಧ್ಯಾಹ್ನದ ಹೊತ್ತಿಗೆ ಹೈಡ್ ಎಂಬ ಹಳ್ಳಿಯನ್ನು ತಲುಪಿತು. ಅಲ್ಲಿಂದ ಮುಂದೆ ಹಾದಿಯಿಂದ ಅನತಿ ದೂರದಲ್ಲಿ ಕಲ್ಲಿನ ಒಂದು ಸ್ಮಾರಕವಿದೆ. 1943ರ ಜೂನ್ 4. ದೊರೆಯ ಹುಟ್ಟುಹಬ್ಬದ ರಜೆಯ ಕಾಲ. ಕ್ರಾಮ್‌ವೆಲ್ಲಿನಿಂದ ಡನೀಡನ್ನಿಗೆ ಹೊರಟಿದ್ದ ರೈಲಿನಲ್ಲಿ 113 ಪ್ರಯಾಣಿಕರಿದ್ದರು. ನಿಧಾನವಾಗಿ ಹಾಯಬೇಕಾದ ತಿರುವಿನಲ್ಲಿ ಮಿತಿಮೀರಿದ ವೇಗದಿಂದ ನುಗ್ಗಿದ ಆ ರೈಲು ಕಂಬಿ ತಪ್ಪಿತು. 21 ಜನ ಸತ್ತರು. 47 ಜನ ಗಾಯಗೊಂಡರು. 1953ರ ಟಾಂಗಿವೈ ದುರಂತದವರೆಗೆ ಆ ದೇಶದ ರೈಲುಗಳ ಇತಿಹಾಸದಲ್ಲಿ ಇದಕ್ಕಿಂತ ಘೋರವಾದ ಅಪಘಾತ ನಡೆದಿರಲಿಲ್ಲ. ಸ್ಮಾರಕ ನಿಂತುದು 1991ರಲ್ಲಿ. ಎಂದರೆ ಮಾರ್ಗವೇ ಮುಚ್ಚಿಹೋದ ಮೇಲೆ.

ಎಂಟು ಬೈಸಿಕಲ್ಲುಗಳು ಹುಲ್ಲಿನ ಮೇಲೆ ಒರಗಿದವು. ಯಾರೂ ಮಾತನಾಡಲಿಲ್ಲ. ಹದಿನಾರರ ಹುಡುಗ ಹಾದಿಯ ಆ ತಿರುವನ್ನು ಬಹಳ ಹೊತ್ತು ನೋಡಿದ.

“ಇಷ್ಟೇ ತಿರುವಿಗೆ?” ಎಂದು ಕೊನೆಗೆ ಕೇಳಿದ.

“ಇಷ್ಟೇ ತಿರುವಿಗೆ” ಎಂದಳು ಅಜ್ಜಿ. “ನಮ್ಮಮ್ಮ ರೈಲಿನಲ್ಲಿ ಇಲ್ಲಿಗೆ ಬಂದಾಗ ಮಾತು ನಿಲ್ಲಿಸುತ್ತಿದ್ದಳು. ಏಕೆಂದು ಆಗ ನನಗೆ ತಿಳಿಯುತ್ತಿರಲಿಲ್ಲ.”

ಮತ್ತೆ ಹೊರಟಾಗ ದಕ್ಷಿಣದ ಗಾಳಿ ಎದ್ದಿತು. ಆ ಭೂಗೋಳಾರ್ಧದಲ್ಲಿ ದಕ್ಷಿಣದ ಗಾಳಿಯೆಂದರೆ ಹಿಮದ ನಾಡಿನ ಗಾಳಿ. ಮೈಗೆ ಮುಳ್ಳಿನಂತೆ ನಾಟುವಂಥದು. ಹೈಡಿನಿಂದ ಮಿಡಲ್‌ಮಾರ್ಚಿಗೆ 27 ಕಿಲೋಮೀಟರು. ದಾರಿ ಬಹುಮಟ್ಟಿಗೆ ಸಮತಟ್ಟು. ಆದರೆ ನೇರವಾಗಿ ದಕ್ಷಿಣಾಭಿಮುಖ. ಏರಿಲ್ಲದಿದ್ದರೇನು, ಗಾಳಿಯೇ ಬೆಟ್ಟವಾಗಿ ನಿಂತಿತು. ಅರ್ಧ ಗಂಟೆಯಲ್ಲಿ ಅಜ್ಜಿ ಎಲ್ಲರಿಗಿಂತ ಬಹಳ ಹಿಂದಾದಳು. ಎರಡು ಬಾರಿ ಇಳಿದಳು. ಮೊಣಕಾಲು ತಿಕ್ಕಿಕೊಂಡು ಮತ್ತೆ ಹತ್ತಿದಳು. ಮಗ ದೂರವಾಣಿಯನ್ನು ಕೈಗೆತ್ತಿಕೊಂಡು ವ್ಯಾನಿನವನನ್ನು ಕರೆಯಲೇ ಬೇಡವೇ ಎಂದು ಯೋಚಿಸುತ್ತ ನಿಂತ. ಕರೆದರೆ ಆಕೆಯ ನಾಲ್ಕು ದಿನದ ಶ್ರಮ ಕೊನೆಯ ಕೆಲವು ಮೈಲಿಗಳಲ್ಲಿ ಮಣ್ಣುಪಾಲು. ಕರೆಯದಿದ್ದರೆ ಆಕೆಯ ಮೊಣಕಾಲಿನ ಪಾಡೇನು?

ಆಗ ಎಲ್ಲರಿಗಿಂತ ಮುಂದಿದ್ದ ಹುಡುಗ ಬೈಸಿಕಲ್ಲು ತಿರುಗಿಸಿ ಬಂದ. ತಂದೆಯನ್ನು ದಾಟಿ, ತಾಯಿಯನ್ನು ದಾಟಿ, ಅಜ್ಜಿಯ ಬಳಿ ನಿಂತ.

“ಅಜ್ಜಿ, ನನ್ನ ಹಿಂದಿನ ಗಾಲಿಗೆ ಹತ್ತಿರವಾಗಿ ಬಾ. ಗಾಳಿ ನನಗೆ ಹೊಡೆಯಲಿ.”

ಬೈಸಿಕಲ್ಲಿನ ಪಂದ್ಯಗಳಲ್ಲಿ ಇದು ಎಲ್ಲರೂ ಬಲ್ಲ ಉಪಾಯ. ಮುಂದಿನವನು ಗಾಳಿಯನ್ನು ಸೀಳಿದರೆ ಹಿಂದಿನವನಿಗೆ ಶ್ರಮ ಬಹಳಷ್ಟು ಇಳಿಯುತ್ತದೆ. ಆದರೆ ಮುಂದಿನವನು ತನ್ನ ವೇಗವನ್ನು ಬಿಟ್ಟುಕೊಡಬೇಕು. ಹಿಂದಿನವರ ಉಸಿರನ್ನು ಕಿವಿಗೊಟ್ಟು ಕೇಳುತ್ತ ತುಳಿಯಬೇಕು. ಹುಡುಗ ಹಾಗೆಯೇ ತುಳಿದ. ಐದು ಕಿಲೋಮೀಟರಿಗೆ ಅವನು ದಣಿದಾಗ ತಂದೆ ಮುಂದೆ ಬಂದ, ಆಮೇಲೆ ಅಳಿಯ, ಆಮೇಲೆ ಮಗಳು. ಅಜ್ಜಿಯ ಪಕ್ಕದಲ್ಲಿ ಕಿರಿಯವಳು. ನಾಲ್ಕು ದಿನ ಎಂಟು ದಿಕ್ಕಾಗಿ ಓಡುತ್ತಿದ್ದ ಬೈಸಿಕಲ್ಲುಗಳು ಒಂದರ ಹಿಂದೆ ಒಂದು ಕೂಡಿ ಸಾಗಿದವು. ದೂರದ ಹೊಲದಿಂದ ನೋಡಿದವರಿಗೆ ಹಳೆಯ ರೈಲೊಂದು ಮೆಲ್ಲಗೆ ಮನೆಗೆ ಹೋಗುತ್ತಿರುವಂತೆ ಕಂಡಿದ್ದರೂ ಆಶ್ಚರ್ಯವಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಮಿಡಲ್‌ಮಾರ್ಚ್. ಅಲ್ಲಿಂದ ಡನೀಡನ್ ಕಡೆಗಿನ ಕಂಬಿಯನ್ನು ಆ ನಗರದ ಜನರೂ ನಗರಸಭೆಯೂ ಸೇರಿ ಕೀಳಗೊಡದೆ ಉಳಿಸಿಕೊಂಡರು; ಪ್ರವಾಸಿಗಳ ರೈಲು ಅನೇಕ ವರ್ಷ ಅದರ ಮೇಲೆ ಓಡಿತು. ಹೀಗಾಗಿ ಬೈಸಿಕಲ್ಲಿನ ಹಾದಿ ಮುಗಿಯುವ ಊರಿನಲ್ಲಿ ಕಣ್ಣಿಗೆ ಬೀಳುವುದು ಹಳೆಯ ಕಂಬಿಗಳು.

ಊರಿನ ಮೊದಲ ಮನೆ ಕಂಡೊಡನೆ ಮುಂದಿದ್ದವರೆಲ್ಲ ಹಾದಿಯ ಬದಿಗೆ ಸರಿದು ನಿಂತರು. ಏಕೆಂದು ಅಜ್ಜಿಗೆ ಮೊದಲು ತಿಳಿಯಲಿಲ್ಲ.

“ಹೋಗು ಅಜ್ಜಿ. ನಾವು ಬರುತ್ತೇವೆ” ಎಂದ ಹುಡುಗ.

ಅಜ್ಜಿ ಎಲ್ಲರನ್ನೂ ದಾಟಿ ಮುಂದೆ ಹೋದಳು. ಕಂಬಿಯ ಬಳಿ ಇಳಿದು, ಬೈಸಿಕಲ್ಲನ್ನು ಬೇಲಿಗೆ ಒರಗಿಸಿ, ಬಗ್ಗಿ ಆ ತಣ್ಣನೆಯ ಉಕ್ಕನ್ನು ಒಮ್ಮೆ ಅಂಗೈಯಿಂದ ಮುಟ್ಟಿದಳು. ಅನಂತರ ಹಿಂದಿರುಗಿ, ಬರುತ್ತಿದ್ದ ಏಳು ಜನರನ್ನು ಎಣಿಸತೊಡಗಿದಳು.